ಐದು ನಿಮಿಷದ ಶೇಂಗಾ ಚಟ್ನಿ

ಯೂಟ್ಯೂಬಿನಲ್ಲಿ "ಶೇಂಗಾ ಚಟ್ನಿ ಪುಡಿ" ಅಂತ ಹುಡುಕಿ ನೋಡಿ. ಸಾಲಾಗಿ ಬರುವ ಎಷ್ಟೋ ವಿಡಿಯೊಗಳ ತಲೆಬರಹದಲ್ಲೇ ಒಂದು ಲೆಕ್ಕ ಇರುತ್ತೆ. ಐದೇ ನಿಮಿಷ, ನಾಲ್ಕೇ ಸಾಮಾನು, ಒಂದೇ ಬಾಣಲೆ. ಪ್ಯಾಕೆಟ್ಟಿನಿಂದ ಹುರಿದ ಶೇಂಗಾ ನೇರ ಮಿಕ್ಸಿ ಜಾರಿಗೆ, ಅದರ ಮೇಲೆ ಖಾರದ ಪುಡಿ, ಉಪ್ಪು, ಬೆಳ್ಳುಳ್ಳಿ. ಗರ್ ಅಂತ ಎರಡು ಸುತ್ತು. ಮುಗೀತು. "ಉತ್ತರ ಕರ್ನಾಟಕದ ಅಪ್ಪಟ ಸಾಂಪ್ರದಾಯಿಕ ರುಚಿ, ಬ್ಯಾಚುಲರ್‌ಗಳಿಗೂ ಸುಲಭ."

ಮಾಡಿ ನೋಡಿದವರಿಗೆ ಗೊತ್ತು, ತಿನ್ನೋಕೆ ಅಡ್ಡಿಯಿಲ್ಲ. ಆದರೆ ಊರಿಂದ ಡಬ್ಬಿಯಲ್ಲಿ ಬರುವ ಪುಡಿಯ ಪಕ್ಕ ಇಟ್ಟರೆ ಎರಡೂ ಒಂದೇ ಪದಾರ್ಥ ಅಂತ ಹೇಳೋದು ಕಷ್ಟ. ಸಾಮಾನೆಲ್ಲ ಅದೇ, ಅಳತೆಯೂ ಹೆಚ್ಚುಕಮ್ಮಿ ಅದೇ. ರುಚಿ ಮಾತ್ರ ಅದಲ್ಲ. ಆಗ ನಾವೆಲ್ಲ ಹೇಳುವ ಮಾತು ಒಂದೇ: "ಅವ್ವನ ಕೈರುಚಿ ಕಣ್ರೀ, ಅದು ಬರಲ್ಲ."

ನನ್ನ ತಕರಾರು ಇರೋದು ಈ ಎರಡರ ಮೇಲೂ. ಐದು ನಿಮಿಷ ಅನ್ನುವ ವಿಡಿಯೊ ಮೇಲೂ, ಕೈರುಚಿ ಅನ್ನುವ ಹೊಗಳಿಕೆಯ ಮೇಲೂ. ಮೇಲ್ನೋಟಕ್ಕೆ ಇವು ಎದುರುಬದುರು ಕಾಣುತ್ತವೆ. ಒಂದು ಅಡುಗೆಯನ್ನು ತೀರಾ ಸುಲಭ ಅನ್ನುತ್ತೆ, ಇನ್ನೊಂದು ಅದನ್ನ ಪವಾಡ ಮಾಡುತ್ತೆ. ಆದರೆ ಎರಡೂ ಮುಚ್ಚಿಡೋದು ಒಂದನ್ನೇ: ಒಲೆ ಹಚ್ಚುವ ಮುಂಚೆ ನಡೆದ ಕೆಲಸವನ್ನ.

ಯಾವ ಊರಿನ ಊಟದ ಬಗ್ಗೆ ಹೇಳ್ತಿದ್ದೇನೆ ಅಂತ ಮೊದಲು ಹೇಳಿಬಿಡ್ತೀನಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕಿಗೆ ಸರಿಯಾದ ಹಣೆಪಟ್ಟಿ ಯಾವತ್ತೂ ಸಿಕ್ಕಿಲ್ಲ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಇದು ಮುಂಬೈ ಕರ್ನಾಟಕವೂ ಅಲ್ಲ, ನಿಜಾಮರ ಸೀಮೆಯೂ ಅಲ್ಲ, ಹಳೇ ಮೈಸೂರೂ ಅಲ್ಲ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ತಟ್ಟೆಯೂ ಹಾಗೇ. ಹಡಗಲಿ ಕಡೆ ತುಂಗಭದ್ರೆಯ ದಂಡೆಗೆ ಹೋದರೆ ಜೋಳದ ರೊಟ್ಟಿ ಜೋರು. ಕೂಡ್ಲಿಗಿಯಿಂದ ಚಿತ್ರದುರ್ಗದ ದಾರಿ ಹಿಡಿದರೆ ಮುದ್ದೆ ಶುರುವಾಗುತ್ತೆ. ನಡುವಿನ ಊರುಗಳಲ್ಲಿ ಬೆಳಿಗ್ಗೆ ರೊಟ್ಟಿ, ರಾತ್ರಿ ಮುದ್ದೆ ಉಣ್ಣುವ ಮನೆಗಳಿವೆ. ರೊಟ್ಟಿ ಸೀಮೆ ಮತ್ತು ಮುದ್ದೆ ಸೀಮೆ ಒಂದಕ್ಕೊಂದು ತಾಗುವ ಜಾಗ ನಮ್ಮದು.

ಬೆಂಗಳೂರಿನ "ಉತ್ತರ ಕರ್ನಾಟಕ ಊಟ"ದ ತಾಟಿನಲ್ಲಿ ಇದು ಕಾಣಲ್ಲ. ಅಲ್ಲಿ ಎರಡು ರೊಟ್ಟಿ, ಎಣ್ಣೆಯಲ್ಲಿ ಮುಳುಗಿದ ಎಣ್ಣೆಗಾಯಿ, ಒಂದು ಕಾಳು ಪಲ್ಯ, ಚಿಟಿಕೆ ಶೇಂಗಾ ಚಟ್ನಿ, ಮೊಸರು, ಅನ್ನ ಸಾರು, ಒಂದು ಸಿಹಿ. ಖಾನಾವಳಿಗಳನ್ನು ಬೈಯುವ ಉದ್ದೇಶ ನನಗಿಲ್ಲ. ಊರು ಬಿಟ್ಟು ಬಂದ ನಮ್ಮಂಥ ಸಾವಿರಾರು ಜನ ಅಲ್ಲೇ ಹೊಟ್ಟೆ ತುಂಬಿಸಿಕೊಂಡಿದ್ದೇವೆ, ಬಾಡಿಗೆ ಕಟ್ಟಿ ಗ್ಯಾಸ್ ತರಿಸಿ ಅಷ್ಟನ್ನ ಕೊಡೋದೇ ದೊಡ್ಡದು. ಆದರೆ ಆ ತಾಟು ಒಂದು ತಪ್ಪು ಕಲ್ಪನೆ ಕೊಡುತ್ತೆ: ನಮ್ಮ ಅಡುಗೆಯ ರುಚಿ ಎಣ್ಣೆಯಲ್ಲಿದೆ, ಖಾರದಲ್ಲಿದೆ ಅಂತ.

ಮನೆಯ ದಿನದ ಊಟ ನೋಡಿ. ಎರಡು ರೊಟ್ಟಿ ಇಲ್ಲ ಒಂದು ಮುದ್ದೆ. ಒಂದು ಪಲ್ಯ, ಬಹುಮಟ್ಟಿಗೆ ಸೊಪ್ಪು ಬೇಳೆಯದು. ಪುಂಡಿ ಸೊಪ್ಪಿದ್ದರೆ ಪುಂಡಿ ಪಲ್ಯ. ಒಂದು ಪುಡಿ, ಶೇಂಗಾದ್ದೋ ಗುರೆಳ್ಳಿನದೋ. ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪಿನ ನಾಲ್ಕು ಕಡ್ಡಿ. ಮಜ್ಜಿಗೆ. ಇದರಲ್ಲಿ ಆ ಹೊತ್ತಿಗೆ ಒಲೆ ಮೇಲೆ ಬೆಂದದ್ದು ಎರಡೇ ಪದಾರ್ಥ, ಅವೂ ಸಪ್ಪೆ ಸ್ವಭಾವದವು. ಜೋಳಕ್ಕೆ ಅದರದೇ ದೊಡ್ಡ ರುಚಿ ಇಲ್ಲ, ಬೇಳೆಗೂ ಇಲ್ಲ. ಹಾಗಿದ್ದೂ ಊಟ ರುಚಿ. ಎಲ್ಲಿಂದ ಬಂತು ಅಂತ ಹುಡುಕಿದರೆ ಗೊತ್ತಾಗೋದು, ರುಚಿಯೆಲ್ಲ ಮೊದಲೇ ಮಾಡಿ ಡಬ್ಬಿ ತುಂಬಿ ಇಟ್ಟದ್ದು. ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕೆಂದರೆ, ವಿಡಿಯೊ ತೋರಿಸೋದು ರನ್‌ಟೈಮ್ ಮಾತ್ರ. ಬಿಲ್ಡ್ ಆಗಲು ಹಿಡಿದ ಸಮಯ ಅದರಲ್ಲಿ ಬರಲ್ಲ.

ಮೂರು ಉದಾಹರಣೆ ಕೊಡ್ತೀನಿ.

ಮೊದಲನೆಯದು ಅದೇ ಶೇಂಗಾ. ಕಾಳಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ. ಉರಿ ಜೋರು ಮಾಡಿದರೆ ಸಿಪ್ಪೆ ಕಪ್ಪಾಗುತ್ತೆ, ಒಳಗೆ ಹಸಿ ಉಳಿಯುತ್ತೆ. ಸಣ್ಣ ಉರಿಯಲ್ಲಿ ಕೈ ಬಿಡದೆ ಆಡಿಸಿದಾಗ ಮಾತ್ರ ಕಾವು ಕಾಳಿನ ನಡುವಿಗೆ ಮುಟ್ಟಿ ಆ ಹುರಿದ ವಾಸನೆ ಹುಟ್ಟುತ್ತೆ. ವಿಜ್ಞಾನದವರು ಇದನ್ನೇ ಮೈಲಾರ್ಡ್ ಕ್ರಿಯೆ ಅನ್ನೋದು. ಆಮೇಲೆ ಅದು ಪೂರ್ತಿ ಆರಬೇಕು. ಬಿಸಿ ಇದ್ದಾಗ ಮಿಕ್ಸಿಗೆ ಹಾಕಿದರೆ ಹಬೆ ಕೂತು ಮುದ್ದೆಯಾಗುತ್ತೆ. ಇನ್ನು ಕುಟ್ಟೋದು. ಒರಳಲ್ಲಿ ಕುಟ್ಟಿದಾಗ ಕಾಳು ಜಜ್ಜಿ ಎಣ್ಣೆ ಬಿಡುತ್ತೆ, ಬೆಳ್ಳುಳ್ಳಿ ಮತ್ತು ಖಾರ ಆ ಎಣ್ಣೆಗೆ ಇಳಿಯುತ್ತವೆ. ಮೆಣಸಿನಕಾಯಿಯ ಖಾರ ನೀರಿಗಿಂತ ಎಣ್ಣೆಯಲ್ಲೇ ಚೆನ್ನಾಗಿ ಕರಗುವಂಥದ್ದು. ಮಿಕ್ಸಿಯ ಬ್ಲೇಡು ಕತ್ತರಿಸುತ್ತೆ, ಜಜ್ಜೋದಿಲ್ಲ. ಸ್ವಲ್ಪ ತಿರುಗಿಸಿದರೆ ಒಣ ಪುಡಿ, ಜಾಸ್ತಿ ತಿರುಗಿಸಿದರೆ ಬೆಣ್ಣೆಯಂಥ ಗಟ್ಟಿ. ಮುಟ್ಟಿದರೆ ಉದುರಬೇಕು, ಹಿಂಡಿದರೆ ಉಂಡೆ ಕಟ್ಟಬೇಕು ಅನ್ನುವ ನಡುವಿನ ಹದ ಸಿಗೋದು ಕಷ್ಟ. ಆ ಹದವೇ ರುಚಿ. ಎಣ್ಣೆಗಾಯಿ ವಿಷಯವೂ ಇದೇ. ಮನೆಯ ಎಣ್ಣೆಗಾಯಿಯಲ್ಲಿ ಎಣ್ಣೆಯ ಸ್ವಾದ ಬರೋದು ಹೆಚ್ಚಾಗಿ ಒಳಗೆ ತುಂಬಿದ ಶೇಂಗಾ, ಎಳ್ಳು, ಗುರೆಳ್ಳಿನಿಂದ. ಹೋಟೆಲಿನಲ್ಲಿ ಆ ಪುಡಿಗೆ ಪುರಸೊತ್ತಿಲ್ಲ, ಆ ಕೊರತೆಯನ್ನು ರಿಫೈನ್ಡ್ ಎಣ್ಣೆ ತುಂಬುತ್ತೆ.

ಎರಡನೆಯದು ರೊಟ್ಟಿ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ, ಹಿಟ್ಟನ್ನು ಹಿಡಿದಿಡುವ ಅಂಟು ಬೇರೆ ದಾರಿಯಲ್ಲಿ ಬರಬೇಕು. ಅದಕ್ಕೇ ಕುದಿಯುವ ಎಸರು ಹಾಕೋದು. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅಂಟಾಗಿ ಜಿಗಿ ಬರುತ್ತೆ. ಹಿಟ್ಟು ಹೊಸದಾಗಿದ್ದಷ್ಟೂ ಜಿಗಿ ಚೆನ್ನ. ಬೀಸಿಸಿ ತಿಂಗಳಾದ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚಿನಲ್ಲಿ ಬಿರಿಯುತ್ತೆ. ಸೂಪರ್‌ ಮಾರ್ಕೆಟ್ಟಿನ ಜೋಳದ ಹಿಟ್ಟಿನ ಪ್ಯಾಕೆಟ್ ತಂದು "ನನಗೆ ರೊಟ್ಟಿ ಬರಲ್ಲ" ಅನ್ನುವವರಿಗೆ ಹೇಳೋದಿಷ್ಟೆ: ಮೊದಲು ಪ್ಯಾಕೆಟ್ಟಿನ ಮೇಲಿನ ತಾರೀಖು ನೋಡಿ, ಕೈ ಮೇಲೆ ಆಮೇಲೆ ಸಿಟ್ಟಾಗಿ. ವಾರಕ್ಕೆ ಬೇಕಾದಷ್ಟೇ ಜೋಳ ಹಸನು ಮಾಡಿ ಗಿರಣಿಗೆ ಹೊತ್ತು ತರುವ ಕೆಲಸ ಯಾವ ರೊಟ್ಟಿ ವಿಡಿಯೊದಲ್ಲೂ ನಾನು ನೋಡಿಲ್ಲ.

ಮೂರನೆಯದು ನನಗೆ ಬಹಳ ಇಷ್ಟದ್ದು, ಹೋಳಿಗೆ ಸಾರು. ಹೋಳಿಗೆಗೆ ಬೇಳೆ ಬೇಯಿಸಿ ಬಸಿದಾಗ ಉಳಿಯುವ ನೀರು ಕಟ್ಟು. ಆ ಕಟ್ಟಿಗೆ ಸುಟ್ಟ ಉಳ್ಳಾಗಡ್ಡಿ, ಕೊಬ್ಬರಿ, ಬೆಳ್ಳುಳ್ಳಿ, ಧನಿಯಾ, ಜೀರಿಗೆ, ಚಕ್ಕೆ ಲವಂಗ ಅರೆದು ಹಾಕಿ, ಹುಣಸೆಹುಳಿ ಬಿಟ್ಟು, ಒಂದು ಚೂರು ಹೂರಣ ಕದಡಿ ಕುದಿಸ್ತಾರೆ. ಯುಗಾದಿಯ ದಿನಕ್ಕಿಂತ ಮಾರನೇ ದಿನ, ಮೂರನೇ ದಿನ ಅದರ ರುಚಿ ಏರುತ್ತೆ. ಈಗ "ಹೋಳಿಗೆ ಇಲ್ಲದೆ ಹೋಳಿಗೆ ಸಾರು" ಅಂತ ವಿಡಿಯೊ ಬಂದಿವೆ. ಬೇಳೆ ಬೇಯಿಸಿದ ನೀರಿಗೆ ಬೆಲ್ಲ, ಅಂಗಡಿಯ ಸಾಂಬಾರ ಪುಡಿ. ಬೇಡ ಅನ್ನಲ್ಲ. ಆದರೆ ಆ ಸಾರಿನ ಬುದ್ಧಿವಂತಿಕೆ ಇರೋದೇ ಒಂದು ಅಡುಗೆಯ ಉಳಿಕೆ ಇನ್ನೊಂದು ಅಡುಗೆಯ ಬುನಾದಿ ಆಗೋದರಲ್ಲಿ. ಒಂದು ದಿನದ ದುಡಿಮೆ ಮೂರು ದಿನ ಉಣಿಸುತ್ತೆ. ಒಂದೊಂದೇ ಅಡುಗೆಯನ್ನು ಬಿಡಿಬಿಡಿಯಾಗಿ ತೋರಿಸುವ ರೆಸಿಪಿಗೆ ಈ ಸರಪಳಿ ಹಿಡಿಯಲು ಆಗೋದಿಲ್ಲ.

"ಅದಕ್ಕೇ ಹೇಳೋದು, ಸಂಪ್ರದಾಯ ಉಳಿಸಬೇಕು" ಅಂತ ಯಾರಾದರೂ ಇಲ್ಲಿ ತಲೆ ಹಾಕಬಹುದು. ಯಾವ ಸಂಪ್ರದಾಯ ಅಂತ ಕೇಳಬೇಕಾಗುತ್ತೆ. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. ಪೋರ್ಚುಗೀಸರು ಇಲ್ಲಿಗೆ ಬಂದದ್ದು 1498ರಲ್ಲಿ, ಇವು ಬಂದದ್ದು ಅದಾದ ಮೇಲೆ. ಜೋಳ, ರಾಗಿ ಎರಡೂ ಬಹಳ ಹಿಂದೆ ಆಫ್ರಿಕಾದಿಂದ ಬಂದವು. ಗುರೆಳ್ಳಿನ ಮೂಲ ಇಥಿಯೋಪಿಯ. ಕನ್ನಡದಲ್ಲಿ ಅಡುಗೆ ಬಗ್ಗೆ ಬರೆದದ್ದು ಹೊಸದೇನಲ್ಲ. 11ನೇ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಯ ಅಧ್ಯಾಯವಿದೆ, 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ' ಅಂತ ಪದ್ಯದಲ್ಲೇ ಇಡೀ ಅಡುಗೆ ಪುಸ್ತಕ ಬರೆದ. ಆ ಕಾಲದ ಅಡುಗೆಯ ಖಾರ ಅಂದರೆ ಕರಿಮೆಣಸು. ನಮ್ಮ ಜಿಲ್ಲೆಗೆ ಹೆಸರು ಕೊಟ್ಟ ಸಾಮ್ರಾಜ್ಯದ ಕೃಷ್ಣದೇವರಾಯ (1509–1529) ಶೇಂಗಾ ಚಟ್ನಿ ತಿಂದಿರುವ ಸಾಧ್ಯತೆ ತೀರಾ ಕಡಿಮೆ.

ಅಂದರೆ "ಸಾವಿರಾರು ವರ್ಷದ ಪರಂಪರೆ" ಅನ್ನುವ ಮಾತು ಸಾಮಾನಿನ ಮಟ್ಟಿಗೆ ನಿಲ್ಲಲ್ಲ. ನಿಲ್ಲೋದು ಕೆಲಸದ ಮಟ್ಟಿಗೆ. ಎಳ್ಳನ್ನು ಹುರಿದು ಕುಟ್ಟುತ್ತಿದ್ದ ಕೈಗೆ ಎಲ್ಲಿಂದಲೋ ಶೇಂಗಾ ಸಿಕ್ಕಿತು, ಅದನ್ನೂ ಹುರಿದು ಕುಟ್ಟಿತು. ಹಾಗಾಗಿ ನಾಳೆ ನೀವು ಅದಕ್ಕೆ ಅಗಸೆ ಬೀಜ ಸೇರಿಸಿದರೆ ಸಂಪ್ರದಾಯ ಕೆಡೋದಿಲ್ಲ. ಹುರಿಯೋದನ್ನೇ ಬಿಟ್ಟರೆ ಕೆಡುತ್ತೆ.

ಈಗ ಕೈರುಚಿಯ ಮಾತಿಗೆ ಬರ್ತೀನಿ. ಇದು ವಿಡಿಯೊಗಿಂತ ಹಳೆಯದು, ವಿಡಿಯೊಗಿಂತ ಜಾಣತನದ್ದು.

ನಮ್ಮವ್ವನ ಪಕ್ಕ ಕೂತು ಅವಳು ಹಾಕುವ ಒಂದೊಂದನ್ನೂ ತಕ್ಕಡಿ ಮೇಲೆ ಇಟ್ಟು ಬರೆದುಕೊಂಡಿದ್ದೇನೆ. ಎಷ್ಟು ಹಾಕಬೇಕು ಅಂದರೆ "ನೋಡ್ಕೊಂಡು ಹಾಕಪಾ, ಅದಕ್ಕೇನ್ ಲೆಕ್ಕ ಐತಿ?" ಅಂತಾಳೆ. ತೂಗಿ ನೋಡಿದರೆ ಲೆಕ್ಕ ಇತ್ತು. ಮೂರು ಸಲ ಮಾಡಿದ ಪುಡಿಗೆ ಹಿಡಿದ ಉಪ್ಪು ಮೂರು ಸಲವೂ ಬಹುತೇಕ ಒಂದೇ. ಅವಳ ಕೈಯೇ ಚಮಚ, ಅಷ್ಟೆ. ಅಮೆರಿಕದಲ್ಲಿ ಫ್ಯಾನಿ ಫಾರ್ಮರ್ ಅನ್ನುವಾಕೆ 1896ರಲ್ಲಿ ಬರೆದ ಅಡುಗೆ ಪುಸ್ತಕ ಹೆಸರಾದದ್ದೇ ಈ ಕಾರಣಕ್ಕೆ. "ಒಂದು ಹಿಡಿ, ಸ್ವಲ್ಪ" ಅನ್ನೋದರ ಬದಲು ಸಮಮಟ್ಟದ ಚಮಚ, ಸಮಮಟ್ಟದ ಬಟ್ಟಲು ಅಂತ ಆಕೆ ಅಳತೆ ಕೊಟ್ಟರು. ಅದರಿಂದ ರುಚಿ ಕಳೆದುಹೋಗಲಿಲ್ಲ, ಒಬ್ಬರ ಕೈಯಲ್ಲಿದ್ದದ್ದು ಇನ್ನೊಬ್ಬರ ಕೈಗೆ ದಾಟಿತು. ಅವ್ವಂದಿರಿಗೆ ಲೆಕ್ಕ ಇಲ್ಲ ಅನ್ನೋದು ನಾವು ಕಟ್ಟಿದ ಕಥೆ. ಕೇಳಿ ಬರೆದುಕೊಳ್ಳುವ ಸೋಮಾರಿತನಕ್ಕೆ ಒಳ್ಳೇ ಹೆಸರು ಕೊಟ್ಟಿದ್ದೇವೆ.

ನಾನು ಬರೆದುಕೊಳ್ಳುವಾಗ ಅವಳು ಇನ್ನೊಂದು ಮಾತು ಕೇಳಿದಳು: "ಇದನ್ನೆಲ್ಲ ಬರಕೊಂಡು ಏನ್ ಮಾಡ್ತೀಯೋ? ಮಾಡೋರು ಯಾರು?"

ಅಡುಗೆ ಬಗ್ಗೆ ನಾನು ಕೇಳಿದ ಅತ್ಯಂತ ಗಟ್ಟಿ ವಿಮರ್ಶೆ ಇದೇ. ಪುಡಿ ಕುಟ್ಟೋದು, ಸಂಡಿಗೆ ಇಡೋದು, ಜೋಳ ಹಸನು ಮಾಡೋದು, ಬ್ಯಾಸಿಗ್ಯಾಗ ವರ್ಷದ ಖಾರದ ಪುಡಿ ಮಾಡಿಸೋದು, ಇಷ್ಟೂ ಹೆಂಗಸರ ಹೆಗಲ ಮೇಲೆ ಬಿದ್ದ ಕೆಲಸ. ಹೊಲದ ಕೆಲಸ ಮುಗಿಸಿ ಬಂದು ಮಾಡಿದ್ದು. ನಮ್ಮ ಮನೆಗಳಲ್ಲಿ ಗಂಡಸರ ಪಾಲಿಗೆ ಬಂದ ಅಡುಗೆ ಕೆಲಸ ಅಂದರೆ ತಾಟಿನ ಮುಂದೆ ಕೂತು "ಉಪ್ಪು ಕಮ್ಮಿ ಆಗೇತಿ" ಅನ್ನೋದು. ಕೈರುಚಿ ಅಂತ ಹೊಗಳಿದಾಗ ಆ ದುಡಿಮೆ ದೈವದತ್ತ ಪ್ರತಿಭೆ ಆಗಿಬಿಡುತ್ತೆ. ಪ್ರತಿಭೆಗೆ ಕೂಲಿ ಕೊಡಬೇಕಿಲ್ಲ, ಪಾಲು ತಗೊಳ್ಳಬೇಕಿಲ್ಲ, ಕಲಿಯಲೂ ಬೇಕಿಲ್ಲ. ಅಷ್ಟು ಮಾತ್ರ ಅಲ್ಲ, ಮುಂದೆ ಅದೇ ಮಾತು ಮದುವೆಯಾಗಿ ಬಂದವಳ ತಲೆಗೆ ಬಡಿಯುವ ಕೋಲಾಗುತ್ತೆ. "ನಮ್ಮಮ್ಮನ ಥರ ಬರಲ್ಲ" ಅನ್ನುವ ಎಷ್ಟು ಗಂಡಂದಿರು ನಿಮ್ಮ ಆಫೀಸಿನಲ್ಲೇ ಇದ್ದಾರೆ, ಎಣಿಸಿ ನೋಡಿ. ಇಬ್ಬರೂ ಒಂಬತ್ತು ಗಂಟೆ ದುಡಿದು ಬಂದಿರ್ತಾರೆ, ಒಬ್ಬರಿಗೆ ಮಾತ್ರ ಪರೀಕ್ಷೆ.

ಈ ಹಿನ್ನೆಲೆಯಲ್ಲಿ ಐದು ನಿಮಿಷದ ವಿಡಿಯೊ ಯಾಕೆ ಓಡುತ್ತೆ ಅಂತ ಅರ್ಥವಾಗುತ್ತೆ. ಅದನ್ನ ನೋಡುವವರಲ್ಲಿ ಎಷ್ಟೋ ಜನ ರಾತ್ರಿ ಎಂಟಕ್ಕೆ ಮನೆ ಸೇರಿದ ಹೆಂಗಸರು. ಅವರಿಗೆ ಅದು ಬಿಡುಗಡೆ. ಅದನ್ನ ನಾನು ಕಸಿದುಕೊಳ್ಳಲ್ಲ. ಮತ್ತೆ ವಿಡಿಯೊದ ಒಂದು ಗುಣ ಒಪ್ಪಲೇಬೇಕು. ರೊಟ್ಟಿ ತಿರುಗಿಸುತ್ತಾ ಬಡಿಯುವ ಅಂಗೈ ಹೇಗೆ ನಡೆಯುತ್ತೆ ಅಂತ ಯಾವ ಪುಸ್ತಕವೂ ಹೇಳಲಾರದು, ವಿಡಿಯೊ ತೋರಿಸುತ್ತೆ. ನನ್ನ ಬೇಡಿಕೆ ಸಣ್ಣದು: ಸಮಯ ಪೂರ್ತಿ ಹೇಳಿ. "ಐದು ನಿಮಿಷ, ಅದಕ್ಕೂ ಮುಂಚೆ ಒಂದು ಗಂಟೆ" ಅಂತ ಹೇಳಿ. ಆ ಒಂದು ಗಂಟೆ ಕಣ್ಣಿಗೆ ಬಿದ್ದಾಗಲೇ ಅದನ್ನ ಯಾರು ಮಾಡಬೇಕು ಅನ್ನುವ ಪ್ರಶ್ನೆ ಮನೆಯಲ್ಲಿ ಏಳೋದು. ಕಾಣದ ಕೆಲಸವನ್ನ ಹಂಚಿಕೊಳ್ಳಲು ಬರಲ್ಲ.

ಒಲೆಗಿಂತ ಹಿಂದಿನ ಇನ್ನೊಂದು ಹಂತ ಹೊಲ. ಮಳೆಗಾಲದಲ್ಲಿ ಹರಪನಹಳ್ಳಿಯಿಂದ ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ಬಸ್ಸಿನಲ್ಲಿ ಹೋಗಿ. ಕಿಟಕಿಯಾಚೆ ಉದ್ದಕ್ಕೂ ಮೆಕ್ಕೆಜೋಳ. ಅದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ ಹೋಗುವ ಬೆಳೆ, ನಮ್ಮ ಅಡುಗೆಮನೆಗೆ ಬರುವಂಥದ್ದಲ್ಲ. ಬೆಳೆದವರನ್ನ ತಪ್ಪು ಅನ್ನಲಾಗದು, ಕೈಗೆ ರೊಕ್ಕ ಬರೋದು ಅದರಲ್ಲೇ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ರೇಷನ್ ಅಕ್ಕಿ ಮನೆಮನೆಗೂ ಮುಟ್ಟಿತು. ಹಸಿವಿನ ಮಟ್ಟಿಗೆ ಅದು ದೊಡ್ಡ ಉಪಕಾರ, ಜೊತೆಗೆ ರಾತ್ರಿ ಊಟದಲ್ಲಿ ಮುದ್ದೆಯ ಜಾಗಕ್ಕೆ ಅನ್ನ ಬಂದು ಕೂತಿತು. ರೊಟ್ಟಿ ಬಡಿಯುವ ದುಡಿಮೆಗೂ ಕುಕ್ಕರ್ ಕೂಗಿಸುವ ದುಡಿಮೆಗೂ ಇರುವ ಅಂತರ ನೋಡಿದರೆ ಯಾಕೆ ಅಂತ ಕೇಳಬೇಕಿಲ್ಲ. ಇತ್ತ 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಯಿತು. ಕೂಡ್ಲಿಗಿ ಕಡೆ ಬಡವರ ಊಟ ಅನ್ನಿಸಿಕೊಂಡಿದ್ದ ನವಣೆ ಬೆಂಗಳೂರಿನ ಆರ್ಗ್ಯಾನಿಕ್ ಅಂಗಡಿಯಲ್ಲಿ ಚಂದದ ಪೊಟ್ಟಣದಲ್ಲಿ ಕೂತಿದೆ. ಕಾಳು ನಗರಕ್ಕೆ ಬಂತು, ಅದನ್ನ ಹದ ಮಾಡುವ ತಿಳಿವಳಿಕೆ ಊರಲ್ಲೇ ಉಳಿಯಿತು. ಅದಕ್ಕೇ ಎಷ್ಟೋ ಜನ ನವಣೆ ತಂದು, ಅಕ್ಕಿ ಥರ ಬೇಯಿಸಿ, "ಆರೋಗ್ಯಕ್ಕೆ ಒಳ್ಳೇದು, ರುಚಿ ಇಲ್ಲ" ಅಂತ ನುಂಗೋದು.

ಸಪ್ಪೆ ಅಡುಗೆಗೆ ರುಚಿ ತರುವ ದಾರಿ ಏನು ಹಾಗಾದರೆ? ಇನ್ನೊಂದು ಮಸಾಲೆ ಸುರಿಯೋದಲ್ಲ. ವಾರಕ್ಕೆ ಒಂದು ಗಂಟೆ ಹಿಂದಿನ ಕೆಲಸಕ್ಕೆ ಕೊಡೋದು. ನಾನು ತೂಗಿ ಬರೆದುಕೊಂಡ ಲೆಕ್ಕ ಇದು, ಬೇಕಾದವರು ಇಟ್ಟುಕೊಳ್ಳಿ.

ಶೇಂಗಾ 250 ಗ್ರಾಂ. ದಪ್ಪ ತಳದ ಬಾಣಲೆ, ಸಣ್ಣ ಉರಿ, 15ರಿಂದ 20 ನಿಮಿಷ, ಕೈ ನಿಲ್ಲಬಾರದು. ಸಿಪ್ಪೆಯ ಮೇಲೆ ಅಲ್ಲಲ್ಲಿ ಚುಕ್ಕೆ ಬಂದು, ಒಂದು ಕಾಳು ಬಾಯಿಗೆ ಹಾಕಿದರೆ ಹಸಿ ವಾಸನೆ ಇರಬಾರದು. ತಟ್ಟೆಗೆ ಸುರಿದು ಅರ್ಧ ಗಂಟೆ ಆರಲು ಬಿಡಿ. ತಿಕ್ಕಿ ಸಿಪ್ಪೆ ಊದಿ. ಅದೇ ಬಾಣಲೆಯ ಕಾವಿನಲ್ಲಿ ಒಂದು ಚಮಚ ಜೀರಿಗೆ ಬೆಚ್ಚಗೆ ಮಾಡಿ. ಬೆಳ್ಳುಳ್ಳಿ 12ರಿಂದ 15 ಎಸಳು, ಖಾರದ ಪುಡಿ ಮೂರು ಚಮಚ, ಉಪ್ಪು ಒಂದೂವರೆ ಚಮಚ. ಒರಳಿದ್ದರೆ ಮೊದಲು ಜೀರಿಗೆ, ಉಪ್ಪು, ಬೆಳ್ಳುಳ್ಳಿ, ಖಾರ ಕುಟ್ಟಿ, ಆಮೇಲೆ ಶೇಂಗಾ ಸ್ವಲ್ಪ ಸ್ವಲ್ಪ ಹಾಕಿ ಕುಟ್ಟಿ. ಒರಳಿಲ್ಲದಿದ್ದರೆ ಮಿಕ್ಸಿಯೇ ಸರಿ, ಒಂದೊಂದೇ ಸೆಕೆಂಡು ಬಿಟ್ಟು ಬಿಟ್ಟು ತಿರುಗಿಸಿ, ನಡುನಡುವೆ ಚಮಚದಿಂದ ತಳ ಮೇಲೆ ಮಾಡಿ. ಕೊನೆಗೆ ಎರಡೂ ಕೈಯಿಂದ ಐದು ನಿಮಿಷ ಹಿಸುಕಿ ಕಲಸಿ. ಒರಳು ಮಾಡಬೇಕಿದ್ದ ಕೆಲಸದ ಒಂದು ಪಾಲನ್ನ ಆ ಹಿಸುಕುವಿಕೆ ಮಾಡುತ್ತೆ. ಎಲ್ಲ ಸೇರಿ ಒಂದೂಕಾಲು ಗಂಟೆ.

ನಾನು ಇದನ್ನ ಭಾನುವಾರ ಮಾಡ್ತೀನಿ, ಎರಡು ವಾರಕ್ಕೊಮ್ಮೆ. ಊರಿನ ಡಬ್ಬಿಯ ರುಚಿಗೆ ಹತ್ತಿರ ಬರುತ್ತೆ. ಆ ಡಬ್ಬಿ ಇದ್ದರೆ ಬುಧವಾರ ರಾತ್ರಿ ಎಂಟೂವರೆಗೆ ಮನೆಗೆ ಬಂದು ಬರೀ ಬಿಸಿ ಅನ್ನ, ಮೊಸರು, ಈ ಪುಡಿ ಇಟ್ಟುಕೊಂಡು ಉಂಡರೂ ಏನೋ ಕಮ್ಮಿಯಾಯಿತು ಅನ್ನಿಸಲ್ಲ. ಆಗ ಅದು ನಿಜಕ್ಕೂ ಐದು ನಿಮಿಷದ ಅಡುಗೆ.

ಮಾಡೋರು ಯಾರು ಅಂತ ಅವ್ವ ಕೇಳಿದ ಪ್ರಶ್ನೆ ಮಾತ್ರ ಪ್ರತಿ ಮನೆಯಲ್ಲೂ ಬೇರೆ ಬೇರೆಯಾಗಿ ತೀರ್ಮಾನವಾಗಬೇಕು. ಅದನ್ನ ಯಾವ ಚಾನೆಲ್ಲೂ ಬಿಡಿಸಿಕೊಡಲ್ಲ.